ಬಣ್ಣದ ವೇಷ, ನಿದ್ದೆ ಮತ್ತು ಲಿಥಿಯಂ: ಕಾಸರಗೋಡಿನ ಒಂದು ಪ್ರಕರಣ

ಈ ಬರಹದಲ್ಲಿರುವ ಕಲಾವಿದರು ಕಾಸರಗೋಡು ಜಿಲ್ಲೆಯ ಉತ್ತರ ಭಾಗದವರು. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷಧಾರಿ, ಅಂದರೆ ರಾಕ್ಷಸ ಪಾತ್ರ ಮಾಡುವವರು. ಊರು, ಮೇಳ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ಘಟನೆ ಬಿಟ್ಟೇಬಿಟ್ಟಿದ್ದೇನೆ. ಮೇಳದ ಚಿಕ್ಕವರೆಲ್ಲ ಅವರನ್ನು ‘ಅಣ್ಣ’ ಎನ್ನುತ್ತಾರೆ, ಇಲ್ಲೂ ಹಾಗೇ ಇರಲಿ. ಬರೆದದ್ದನ್ನು ಅವರಿಗೂ ಅವರ ಹೆಂಡತಿಗೂ ಓದಿ ಹೇಳಿದೆ. ಒಂದು ಕಡೆ ‘ಇದು ಬೇಡ’ ಎಂದರು, ತೆಗೆದೆ. ನಾನು ವೈದ್ಯನಲ್ಲ, ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಮನೆಮನೆಗೆ ಹೋಗಿ ಕೆಲಸ ಮಾಡುವ ಸಮಾಜ ಕಾರ್ಯಕರ್ತ. ಮಾತ್ರೆ ಬರೆದದ್ದು, ಬದಲಿಸಿದ್ದು ಎಲ್ಲ ವೈದ್ಯರು.

ಕಲೆಯಿಂದ ಕಾಯಿಲೆ ವಾಸಿಯಾಯಿತು ಎಂಬ ಕತೆ ಕೇಳಲು ಬಂದವರಿಗೆ ಇಲ್ಲಿ ನಿರಾಸೆಯಾಗಬಹುದು. ಅಣ್ಣನ ಕಾಯಿಲೆ ವಾಸಿಯಾಗಿಲ್ಲ. ಅವರ ವೇಷ ಉಳಿದಿದೆ. ಅದು ಉಳಿದದ್ದು ನಿದ್ದೆ, ಬೆವರು, ಮಂಡಿನೋವಿನ ಮಾತ್ರೆ, ಕೇರಳ-ಕರ್ನಾಟಕ ನಡುವಿನ ತಲಪಾಡಿಯ ಗಡಿ, ಯಾರಿಗೆ ಎಷ್ಟು ಹೇಳಬೇಕು ಎಂಬಂಥ ವಿಷಯಗಳಲ್ಲಿ ತೆಗೆದುಕೊಂಡ ತೀರ್ಮಾನಗಳಿಂದ.

ಹಿನ್ನೆಲೆ

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಆಟ, ಅಂದರೆ ಯಕ್ಷಗಾನ, ನೋಡದೆ ಬೆಳೆದವರು ಕಡಿಮೆ. ಅಣ್ಣ ಶಾಲೆ ಬಿಟ್ಟು ಮೇಳ ಸೇರಿದರು. ಮೊದಲು ಆಟದ ಆರಂಭದಲ್ಲಿ ಕುಣಿಯುವ ಬಾಲಗೋಪಾಲ, ಆಮೇಲೆ ಸಣ್ಣಪುಟ್ಟ ವೇಷ, ಕೊನೆಗೆ ಬಣ್ಣ. ರಾವಣ, ಕುಂಭಕರ್ಣ, ಮಹಿಷಾಸುರ, ಶೂರ್ಪನಖಿ ಇವೆಲ್ಲ ಬಣ್ಣದವರ ಪಾಲಿನವು. ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಕಲಸಿ, ಕಡ್ಡಿಯ ತುದಿಯಲ್ಲಿ ತೆಗೆದು ಮುಖದ ಮೇಲೆ ಚುಕ್ಕೆಚುಕ್ಕೆಯಾಗಿ ಚಿಟ್ಟಿ ಇಡಬೇಕು. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆ ಕೆಲಸ. ವೇಷಧಾರಿ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಜಾಗದಲ್ಲಿ, ನೆಲಕ್ಕೆ ಕೂತು, ಎದುರು ಕನ್ನಡಿ ಇಟ್ಟುಕೊಂಡು, ತಾನೇ ಬರೆದುಕೊಳ್ಳಬೇಕು. ಕೈ ನಡುಗಿದರೆ ಸಾಲು ಕೆಟ್ಟಿತು.

ಸಾಂಪ್ರದಾಯಿಕ ಆಟ ರಾತ್ರಿಯಿಡೀ. ಬಣ್ಣದ ವೇಷದ ಪ್ರವೇಶ ಹೆಚ್ಚಾಗಿ ನಡುರಾತ್ರಿ ದಾಟಿದ ಮೇಲೆ. ದೀಪಾವಳಿಯ ಹೊತ್ತಿಗೆ ಶುರುವಾದ ತಿರುಗಾಟ ಪತ್ತನಾಜೆಯವರೆಗೆ, ಅಂದ್ರೆ ಮೇ ಕೊನೆಯ ವಾರದವರೆಗೆ. ಮಳೆಗಾಲದಲ್ಲಿ ಆಟವಿಲ್ಲ, ಸಂಬಳವೂ ಇಲ್ಲ.

ಈಗ ಕಾಯಿಲೆಯ ಕಡೆಯಿಂದ ನೋಡಿ. ಅಣ್ಣನಿಗಿರುವುದು ಬೈಪೋಲಾರ್ ಕಾಯಿಲೆ. ಒಮ್ಮೆ ಮನಸ್ಸು ವಿಪರೀತ ಏರುತ್ತದೆ, ಇನ್ನೊಮ್ಮೆ ಪೂರ್ತಿ ಕುಸಿಯುತ್ತದೆ. ಈ ಕಾಯಿಲೆ ಇರುವವರಿಗೆ ನಿದ್ದೆಗೆಟ್ಟರೆ ಏರು ಹಂತ ಶುರುವಾಗುವ ಅಪಾಯ ಜಾಸ್ತಿ. ಆರು ತಿಂಗಳು ನಿದ್ದೆಗೆಡಿಸಿ, ಆಮೇಲೆ ಆರು ತಿಂಗಳು ಕೆಲಸವಿಲ್ಲದೆ ಕೂರಿಸುವ ವೃತ್ತಿಯಲ್ಲಿ ಇದು ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಆದರೆ ಮೊದಲ ಕೆಲವು ವರ್ಷ ಯಾರಿಗೂ ಇದು ಕಾಯಿಲೆ ಅಂತ ಅನಿಸಲಿಲ್ಲ. ಮಾರ್ಚ್, ಏಪ್ರಿಲ್ ಹೊತ್ತಿಗೆ ಅಣ್ಣನ ವೇಷಕ್ಕೆ ವಿಶೇಷ ಕಳೆ ಬರುತ್ತಿತ್ತಂತೆ. ಉರಿಯುವ ದೊಂದಿಗೆ ರಾಳದ ಪುಡಿ ಎರಚುತ್ತಾ, ಸಭೆಯ ನಡುವಿನಿಂದ ಆರ್ಭಟಿಸುತ್ತಾ ಬರುವ ಅವರ ಮಹಿಷಾಸುರನನ್ನು ಜನ ಹುಡುಕಿಕೊಂಡು ಬಂದು ನೋಡುತ್ತಿದ್ದರು. ಮಳೆಗಾಲದಲ್ಲಿ ಮಾತ್ರ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ‘ತಿರುಗಾಟದ ಆಯಾಸ’ ಎಂದು ಮನೆಯವರು ಸುಮ್ಮನಿದ್ದರು. ನೆರೆಯವರು ಸೋಮಾರಿ ಎಂದರು.

2016ರ ಏಪ್ರಿಲ್‌ನಲ್ಲಿ ಆಟ ಮುಗಿದ ಮೇಲೂ ಅಣ್ಣ ಬಣ್ಣ ತೆಗೆಯಲಿಲ್ಲ. ಅದೇ ಮುಖದಲ್ಲಿ ಮನೆಗೆ ಬಂದರು, ಎರಡು ದಿನ ಹಾಗೇ ಇದ್ದರು. ವೇಷ ಮೈಮೇಲೆ ಬಂದಿದೆ ಎಂದು ಹಿರಿಯರು ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ದೈವಕ್ಕೆ ತಂಬಿಲದ ಸೇವೆ ಆಯಿತು. ಇದರ ಬಗ್ಗೆ ನನಗೆ ತಕರಾರಿಲ್ಲ. ಮನೆಯವರು ಒಟ್ಟಾಗಿ ಕೂತು ಮಾತಾಡಿದ್ದು ಆಗಲೇ. ಅಲ್ಲೇ ಅಣ್ಣನ ಭಾವ ‘ದೈವಕ್ಕೆ ಮಾಡುವುದು ಮಾಡುವ, ಡಾಕ್ಟರಿಗೂ ತೋರಿಸುವ’ ಎಂದರು. ಮಂಗಳೂರಿಗೆ ಕರೆದುಕೊಂಡು ಹೋದರು. ಲಿಥಿಯಂ ಶುರುವಾಯಿತು.

ಸಮಸ್ಯೆ

ಲಿಥಿಯಂ ಹಳೆಯ ಔಷಧ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಇದರ ಗುಣವನ್ನು ಪ್ರಕಟಿಸಿದರು. ಬೈಪೋಲಾರ್‌ಗೆ ಇವತ್ತಿಗೂ ಇದು ಮುಖ್ಯ ಔಷಧಗಳಲ್ಲೊಂದು. ಆದರೆ ಅಳತೆ ಬಹಳ ಬಿಗಿ. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇರಬೇಕು. 1.5 ದಾಟಿದರೆ ವಿಷವಾಗತೊಡಗುತ್ತದೆ. ಕೊನೆಯ ಮಾತ್ರೆ ತೆಗೆದುಕೊಂಡು 12 ಗಂಟೆಯ ನಂತರ ರಕ್ತ ಕೊಟ್ಟು ನೋಡಬೇಕು. ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಯೂ ಆಗಾಗ ಆಗಬೇಕು. ಅಳತೆ ಸರಿ ಇದ್ದರೂ ಕೆಲವರಿಗೆ ಬೆರಳಲ್ಲಿ ಸಣ್ಣ ನಡುಕ ಬರುತ್ತದೆ.

ಅಣ್ಣನಿಗೆ ಬಂತು. ಬೇರೆಯವರಿಗಾದರೆ ಚಾದ ಲೋಟ ಸ್ವಲ್ಪ ಅಲುಗುತ್ತಿತ್ತು ಅಷ್ಟೆ. ಇವರಿಗೆ ಚಿಟ್ಟಿ ಇಡುವ ಕೈ.

ಎರಡು ವರ್ಷ ಅಣ್ಣ ಏನು ಮಾಡಿದರೆಂದರೆ, ದೊಡ್ಡ ವೇಷ ಇರುವ ದಿನದ ಹಿಂದೆಮುಂದೆ ಮಾತ್ರೆ ಬಿಡುತ್ತಿದ್ದರು. ಡಾಕ್ಟರಿಗೆ ಹೇಳುತ್ತಿರಲಿಲ್ಲ. ಡಾಕ್ಟರು ಕೇಳಿದ್ದು ‘ಮಾತ್ರೆ ಸರಿಯಾಗಿ ತೆಗೆದುಕೊಳ್ತೀರಾ’ ಅಂತ. ‘ನಿಮ್ಮ ಕೈಯ ಕೆಲಸ ಎಂಥದ್ದು’ ಅಂತ ಯಾರೂ ಕೇಳಿರಲಿಲ್ಲ. ರೋಗಿಯ ಚೀಟಿಯಲ್ಲಿ ವೃತ್ತಿಯ ಜಾಗದಲ್ಲಿ ‘ಕೂಲಿ’ ಎಂದಿತ್ತು!

2020ರ ಗಡಿ

ಇಲ್ಲಿನ ಸ್ಥಿತಿ ಗೊತ್ತಿಲ್ಲದವರಿಗೆ ಒಂದು ಮಾತು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಆಫೀಸು ಮಲಯಾಳದಲ್ಲಿ, ಮೇಳ ಕನ್ನಡದಲ್ಲಿ, ಅಣ್ಣನ ಮನೆಮಾತು ತುಳು. ದೊಡ್ಡ ಕಾಯಿಲೆ ಬಂದರೆ ನಮ್ಮ ಕಡೆಯವರು ಹತ್ತುವುದು ಮಂಗಳೂರಿನ ಬಸ್ಸು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕ ಗಡಿ ಮುಚ್ಚಿತು, ರಸ್ತೆಗಳಿಗೆ ಮಣ್ಣು ಸುರಿಯಿತು. ವಿಷಯ ಕೇರಳ ಹೈಕೋರ್ಟಿಗೆ, ಆಮೇಲೆ ಸುಪ್ರೀಂ ಕೋರ್ಟಿಗೆ ಹೋದದ್ದು ಎಲ್ಲರಿಗೂ ನೆನಪಿರಬಹುದು.

ಅಣ್ಣನ ವೈದ್ಯರು ಗಡಿಯ ಆಚೆ. ಮಾತ್ರೆ ಖಾಲಿಯಾಯಿತು. ಊರಿನ ಮೆಡಿಕಲ್‌ನಲ್ಲಿ ಹಳೇ ಚೀಟಿಗೆ ಕೊಡಲಿಲ್ಲ. ನಿಜ ಹೇಳಬೇಕೆಂದರೆ ಮನೆಯವರೂ ಅಷ್ಟು ಹುಡುಕಲಿಲ್ಲ. ‘ಆಟವೇ ನಿಂತಿದೆ, ರಾತ್ರಿ ನಿದ್ದೆ ಮಾಡ್ತಾರೆ, ಇನ್ನೆಂತಕ್ಕೆ ಮಾತ್ರೆ?’ ಎಂಬ ಲೆಕ್ಕ. ಕೇಳಲು ಸರಿಯಾಗೇ ಇದೆ. ಆದರೆ ಲಿಥಿಯಂ ಒಮ್ಮೆಲೇ ನಿಂತರೆ ಕಾಯಿಲೆ ಬೇಗ ಮರುಕಳಿಸುವ ಸಂಭವ ಹೆಚ್ಚು. ಏಪ್ರಿಲ್ ಕೊನೆಗೆ ಅಣ್ಣ ರಾತ್ರಿಯಿಡೀ ಅಂಗಳದಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಿದ್ದರು. ನನಗೆ ಈ ಪ್ರಕರಣ ಬಂದದ್ದು ಆಗ.

ಹತ್ತಿರದ ಆಸ್ಪತ್ರೆಯಲ್ಲಿದ್ದ ವೈದ್ಯರು ಒಳ್ಳೆಯವರು. ಕನ್ನಡ ಬರುತ್ತಿರಲಿಲ್ಲ. ಅಣ್ಣ ಅವರೆದುರು ಕೂತು ಗಂಭೀರ ಸ್ವರದಲ್ಲಿ, ಉದ್ದುದ್ದ ವಾಕ್ಯಗಳಲ್ಲಿ ಮಾತಾಡಿದರು. ಭಾವ ಮಲಯಾಳದಲ್ಲಿ ತರ್ಜುಮೆ ಮಾಡಿದ್ದು ಇಷ್ಟೇ: ‘ಮೂರು ಲೋಕ ಗೆದ್ದಿದ್ದೇನೆ ಅಂತಾರೆ, ದೇವೇಂದ್ರನನ್ನು ಓಡಿಸಿದ್ದೇನೆ ಅಂತಾರೆ. ಆದರೆ ಅದು ಅವರ ಪಾತ್ರದ ಮಾತು, ಅವರ ಉದ್ಯೋಗವೇ ಅದು.’ ವೈದ್ಯರು ಪೆನ್ನು ಕೆಳಗಿಟ್ಟರು. ಇದನ್ನು ಭ್ರಮೆ ಎಂದು ಬರೆಯಬೇಕಾ, ಅಭ್ಯಾಸ ಎಂದಾ?

ಪ್ರಶ್ನೆ ನ್ಯಾಯವಾದದ್ದೇ. ಯಕ್ಷಗಾನದಲ್ಲಿ ‘ನಾನು’ ಎಂದರೆ ಪಾತ್ರ. ಮನೆಯಲ್ಲಿ ಕೂತು ಅರ್ಥ ಹೇಳುವ ಕಲಾವಿದರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಅಣ್ಣನೊಟ್ಟಿಗೆ ದುಡಿದಿದ್ದ ಒಬ್ಬ ಭಾಗವತರಿಗೆ, ಅಂದರೆ ಆಟದಲ್ಲಿ ಪದ್ಯ ಹಾಡಿ ನಡೆಸುವವರಿಗೆ, ಫೋನ್ ಮಾಡುವುದು ಎಂದಾಯಿತು. ಹೆಂಡತಿಯ ಒಪ್ಪಿಗೆ ಕೇಳಿದೆವು. ಭಾಗವತರು ಫೋನಿನಲ್ಲೇ ಹತ್ತು ನಿಮಿಷ ಕೇಳಿಸಿಕೊಂಡರು. ನಡುವೆ ಒಂದು ಪದ್ಯ ಎತ್ತಿಕೊಟ್ಟರು. ಅಣ್ಣ ಅದಕ್ಕೆ ಅರ್ಥ ಹೇಳಲು ಶುರುಮಾಡಿ, ಎರಡೇ ಮಾತಿಗೆ ಬೇರೆಲ್ಲಿಗೋ ಹೋದರು.

‘ಇದು ಯಾವ ಪ್ರಸಂಗದ್ದೂ ಅಲ್ಲ’ ಎಂದರು ಭಾಗವತರು. ‘ಅರ್ಧ ರಾವಣ, ಅರ್ಧ ಮಹಿಷ. ಅವನು ಹೀಗೆ ಬೆರಕೆ ಮಾಡುವ ಜನವೇ ಅಲ್ಲ ಮಾರಾಯ್ರೆ. ಪದ್ಯ ಬಿಟ್ಟು ಒಂದಕ್ಷರ ಆಚೆ ಹೋಗುವವನಲ್ಲ. ಅವನಿಗೆ ಹುಷಾರಿಲ್ಲ.’

ಆವತ್ತಿನ ತೀರ್ಮಾನಕ್ಕೆ ಇದು ಮುಖ್ಯ ಆಧಾರವಾಯಿತು. ಪಾತ್ರದ ಮಾತು ಪದ್ಯಕ್ಕೆ ಕಟ್ಟುಬಿದ್ದಿರುತ್ತದೆ, ಭಾಗವತ ನಿಲ್ಲಿಸಿದರೆ ನಿಲ್ಲುತ್ತದೆ. ಅಣ್ಣನ ಮಾತು ನಿಲ್ಲುತ್ತಿರಲಿಲ್ಲ. ಮಂಗಳೂರಿನ ವೈದ್ಯರು ವಾಟ್ಸಾಪ್‌ನಲ್ಲಿ ಹಳೆಯ ಚೀಟಿ, ರಕ್ತದ ರಿಪೋರ್ಟು ಕಳಿಸಿದರು. ಇಲ್ಲಿನ ವೈದ್ಯರು ಏರು ಇಳಿಸುವ ಒಲಾನ್ಜಪಿನ್ ಎಂಬ ಮಾತ್ರೆ ಸೇರಿಸಿ ಲಿಥಿಯಂ ಮತ್ತೆ ಶುರುಮಾಡಿದರು. ಕೆಲವು ವಾರದಲ್ಲಿ ಏರು ಇಳಿಯಿತು.

ನೋಟ್‌ಬುಕ್

ಇಳಿದದ್ದು ಜಾಸ್ತಿಯೇ ಇಳಿಯಿತು. ಆಟಿ ತಿಂಗಳ ಮಳೆ, ಕೆಲಸವಿಲ್ಲ, ಸಾಲ. ಅಣ್ಣ ಮಾತೇ ಬಿಟ್ಟರು. ಮಗನ ಡ್ರಾಯಿಂಗ್ ಪುಸ್ತಕ ಚಾವಡಿಯಲ್ಲಿ ಬಿದ್ದಿತ್ತು. ಒಂದು ದಿನ ಅದರಲ್ಲಿ ಏನೋ ಗೀಚುತ್ತಿರುವುದನ್ನು ಹೆಂಡತಿ ನೋಡಿದರು. ಬಾಯಿಯ ಮೂಲೆ, ಅಲ್ಲಿಂದ ಮೇಲಕ್ಕೆ ತಿರುಗಿದ ಕೋರೆಹಲ್ಲು. ಅದೇ, ಅಷ್ಟೇ, ಪುಟಗಟ್ಟಲೆ.

ನಮ್ಮಲ್ಲಿಗೆ ತರಬೇತಿಗೆ ಬಂದಿದ್ದ ಒಬ್ಬರು ಇದನ್ನು ಅದುಮಿಟ್ಟ ಸಿಟ್ಟು ಎಂದು ಟಿಪ್ಪಣಿ ಮಾಡಿದರು. ಕೇಳಲು ಚೆನ್ನಾಗಿತ್ತು. ಹೆಂಡತಿ ಅಣ್ಣನ ಹತ್ತಿರವೇ ಕೇಳಿದರು. ‘ಕೈ ಎಷ್ಟು ನಡುಗ್ತದೆ ಅಂತ ನೋಡ್ತಾ ಇದ್ದೇನೆ’ ಎಂದರು ಅಣ್ಣ. ಚಿಟ್ಟಿಯಲ್ಲಿ ಅತಿ ಕಷ್ಟದ ತಿರುವು ಅದೇ ಅಂತೆ. ಸ್ಕೆಚ್ ಪೆನ್ನಲ್ಲಿ ಅದು ಬಂದರೆ ಕಡ್ಡಿಯಲ್ಲೂ ಬಂದೀತು ಎಂಬ ಲೆಕ್ಕ. ರೋಗಿ ಬಿಡಿಸಿದ ಚಿತ್ರಕ್ಕೆ ನಾವು ಅರ್ಥ ಹಚ್ಚುವ ಮೊದಲು ಅವರನ್ನೇ ಒಂದು ಮಾತು ಕೇಳಿದರೆ ಎಷ್ಟೋ ಕೆಲಸ ಉಳಿಯುತ್ತದೆ.

ಮುಂದೆ ಪೂರ್ತಿ ಮುಖಗಳು ಬಂದವು. ರಾಜಬಣ್ಣ, ಹೆಣ್ಣುಬಣ್ಣ, ಹಳೆಯ ಬಣ್ಣದವರಿಂದ ಕಲಿತದ್ದು, ಈಗ ಯಾರೂ ಬರೆಯದ ಕ್ರಮಗಳು. ಪ್ರತಿ ಹಾಳೆಯ ಕೆಳಗೆ ತಾರೀಕು ಹಾಕುವ ಅಭ್ಯಾಸ ಅವರದ್ದು. ಅದರಿಂದ ನಮಗೊಂದು ದಾರಿ ಸಿಕ್ಕಿತು.

ಆ ದಾರಿ ತೋರಿಸಿಕೊಟ್ಟದ್ದು ಹೆಂಡತಿ. ಅವರು ಹೇಳಿದ್ದು ಹೀಗೆ: ಇವರು ಸರಿ ಇರುವಾಗ ಒಂದು ಮುಖಕ್ಕೆ ಎರಡು ಮೂರು ದಿನ ಬೇಕು. ಮಂಡೆ ಬಿಸಿಯಾಗುವ ಮೊದಲು ಒಂದೇ ರಾತ್ರಿಗೆ ಏಳೆಂಟು ಮುಖ. ಚಿಟ್ಟಿಯ ಸಾಲು ಗಲ್ಲ ದಾಟಿ ಕಿವಿಯ ಹತ್ತಿರ ಹೋಗುತ್ತದೆ. ಯಾವುದೂ ಮುಗಿಯುವುದಿಲ್ಲ. ಹಾಳೆಗಳನ್ನು ತಾರೀಕಿನ ಕ್ರಮದಲ್ಲಿ ಹರಡಿ ನೋಡಿದೆವು. ಮಾತು, ಖರ್ಚು, ಸಿಟ್ಟು ಜಾಸ್ತಿಯಾಗುವುದಕ್ಕೆ ಸುಮಾರು ಒಂದು ವಾರ ಮೊದಲೇ ಹಾಳೆಯಲ್ಲಿ ಸಾಲು ಜಾಸ್ತಿಯಾಗಿತ್ತು. ಮುನ್ಸೂಚನೆಯ ಪಟ್ಟಿ ಮಾಡುವಾಗ ನಾವು ಎಲ್ಲ ರೋಗಿಗಳಿಗೂ ಕೇಳುವ ಪ್ರಶ್ನೆಗಳಲ್ಲಿ ಇದು ಎಲ್ಲಿಂದ ಬರಬೇಕು?

ಅಣ್ಣ ಇದಕ್ಕೆ ಪೂರ್ತಿ ಒಪ್ಪಲಿಲ್ಲ ಎಂಬುದನ್ನೂ ಬರೆಯಬೇಕು. ಆ ವಾರದ ಗೆರೆಗಳೇ ತನ್ನ ಅತಿ ಒಳ್ಳೆಯ ಗೆರೆಗಳು ಎಂಬುದು ಅವರ ಮಾತು. ಹಾಳೆ ನೋಡಿದರೆ ಅದರಲ್ಲಿ ಹುರುಳಿದೆ. ಆ ಮುಖಗಳಲ್ಲಿ ಬೇರೆ ಯಾವುದರಲ್ಲೂ ಇಲ್ಲದ ಧೈರ್ಯವಿದೆ. ಹಾಗಾಗಿ ‘ಕಾಯಿಲೆಯ ಚಿತ್ರ’ ‘ಆರೋಗ್ಯದ ಚಿತ್ರ’ ಎಂದು ವಿಂಗಡಿಸುವುದನ್ನು ನಾವು ಬಿಟ್ಟೆವು. ಒಂದು ಮಾತಿಗೆ ಬಂದೆವು: ಸಾಲು ಕಿವಿಗೆ ತಲುಪಿದರೆ ಬರೆಯುವುದು ನಿಲ್ಲಿಸಬೇಕಾಗಿಲ್ಲ, ಆ ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿ ಮಲಗುವುದು, ಮಾರನೇ ದಿನ ಡಾಕ್ಟರಿಗೆ ಫೋನ್.

ಚೌಕಿಯ ಆ ರಾತ್ರಿ

ಮೇಳಗಳು ಮತ್ತೆ ಹೊರಟವು. ಅಣ್ಣ ಹೋದರು. ಕಾಯಿಲೆಯ ವಿಷಯ ಮೇಳದಲ್ಲಿ ಯಾರಿಗೂ ಹೇಳಬಾರದು ಎಂಬುದು ಮನೆಯ ನಿರ್ಧಾರ. ‘ಮರ್ಲ್’ (ಹುಚ್ಚು) ಎಂಬ ಒಂದು ಮಾತು ಹಬ್ಬಿದರೆ ಮುಂದಿನ ವರ್ಷ ಯಾರು ಕರೆಯುತ್ತಾರೆ? ಆ ಭಯ ಸುಳ್ಳಲ್ಲ, ಹಾಗಾಗಿ ನಾನು ಒತ್ತಾಯಿಸಲಿಲ್ಲ.

2022ರ ಏಪ್ರಿಲ್. ಬೇಸಗೆಯ ಸೆಕೆ, ಮೈಮೇಲೆ ಬಣ್ಣದ ವೇಷದ ಭಾರ. ಮಂಡಿನೋವಿಗೆ ಅಣ್ಣ ಸಹಕಲಾವಿದರ ಚೀಲದಲ್ಲಿದ್ದ ಡೈಕ್ಲೋಫೆನಾಕ್ ಕೆಲವು ದಿನದಿಂದ ನುಂಗುತ್ತಿದ್ದರು. ಮೇಳದಲ್ಲಿ ನೋವಿನ ಮಾತ್ರೆ ಬೀಡಾದ ಹಾಗೆ ಕೈಯಿಂದ ಕೈಗೆ ಹೋಗುತ್ತದೆ. ಆ ಜಾತಿಯ ಮಾತ್ರೆಗಳು ಮೂತ್ರಪಿಂಡ ಲಿಥಿಯಂ ಹೊರಹಾಕುವುದನ್ನು ತಗ್ಗಿಸುತ್ತವೆ. ಬೆವರಿ ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೂ ಅದೇ ಕತೆ. ಎರಡೂ ಒಟ್ಟಿಗೆ ಬಂದವು. ಚೌಕಿಯಲ್ಲಿ ಅಣ್ಣ ವಾಂತಿ ಮಾಡಿದರು, ನಾಲಗೆ ತೊದಲಿತು, ನಡೆಯುವಾಗ ಓಲಾಡಿದರು. ಕಡ್ಡಿ ಹಿಡಿಯಲಾಗಲಿಲ್ಲ.

‘ಇವತ್ತು ಸ್ವಲ್ಪ ಜಾಸ್ತಿಯಾಗಿದೆ’ ಎಂದು ಯಾರೋ ನಕ್ಕರು. ಬದಲಿ ವೇಷದ ಏರ್ಪಾಡಾಯಿತು. ಅಣ್ಣನನ್ನು ಮೂಲೆಯಲ್ಲಿ ಮಲಗಿಸಿದರು. ಸಣ್ಣ ವೇಷ ಮಾಡುವ ಒಬ್ಬ ಹುಡುಗ ಮಾತ್ರ ಬಿಡಲಿಲ್ಲ. ‘ಅಣ್ಣ ಕುಡಿಯುವುದೇ ಇಲ್ಲ, ವಾಸನೆಯೂ ಇಲ್ಲ’ ಎಂದು ಅಣ್ಣನ ಫೋನಿನಿಂದಲೇ ಅವರ ಹೆಂಡತಿಗೆ ಕರೆಮಾಡಿದ. ಅವರು ಮಾತ್ರೆಯ ಹೆಸರು ಹೇಳಿದರು. ಮೇಳದ ವ್ಯಾನಿನಲ್ಲೇ ಆಸ್ಪತ್ರೆಗೆ ಸಾಗಿಸಿದರು. ರಕ್ತದಲ್ಲಿ ಲಿಥಿಯಂ 1.5 ದಾಟಿತ್ತು. ಮಾತ್ರೆ ನಿಲ್ಲಿಸಿ, ಸಲೈನ್ ಕೊಟ್ಟು, ಮತ್ತೆಮತ್ತೆ ರಕ್ತ ನೋಡಿದರು. ಬದುಕಿಕೊಂಡರು.

ಮಲಗಿದಲ್ಲೇ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಹೆಂಡತಿ ನನ್ನನ್ನು ಕೇಳಿದರು. ನಾನು ಉತ್ತರಿಸುವ ಮೊದಲೇ ‘ಇನ್ನು ಹೇಳಲೇಬೇಕು’ ಎಂದರು.

ಯಾರಿಗೆ, ಎಷ್ಟು

ಈ ಪ್ರಕರಣದಲ್ಲಿ ಅತಿ ಹೆಚ್ಚು ಹೊತ್ತು ಮಾತಾಡಿದ್ದು ಇದರ ಬಗ್ಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ವಿಷಯ ಗುಟ್ಟಾಗಿಡುವ ಹಕ್ಕಿದೆ. ಮುಂದೆ ತನಗೆ ಹುಷಾರಿಲ್ಲದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ, ತನ್ನ ಪರವಾಗಿ ಒಬ್ಬರನ್ನು ನೇಮಿಸುವ ಹಕ್ಕೂ ಇದೆ. ಅದರ ನೋಂದಣಿಯ ಕ್ರಮ ಬೇರೆ. ನಾವು ಮೊದಲು ಮನೆಯ ಮಟ್ಟಕ್ಕೆ ಒಂದು ಕಾಗದ ಮಾಡಿದೆವು. ಅಣ್ಣ ಹೇಳಿದರು, ಭಾವ ಬರೆದರು.

ಹೇಳುವುದು ಮೂವರಿಗೆ: ಮೇಳದ ಮೆನೇಜರಿಗೆ, ಆ ಭಾಗವತರಿಗೆ, ಫೋನ್ ಮಾಡಿದ ಹುಡುಗನಿಗೆ. ಕಾಯಿಲೆಯ ಹೆಸರು ಹೇಳುವುದಿಲ್ಲ. ‘ಇವರು ಒಂದು ಮಾತ್ರೆಯಲ್ಲಿದ್ದಾರೆ. ನೀರು ಬೇಕು, ಉಪ್ಪು ಬಿಡಬಾರದು. ಕೇಳದೆ ನೋವಿನ ಮಾತ್ರೆ ಕೊಡಬಾರದು, ತೀರಾ ಆದರೆ ಪ್ಯಾರಾಸಿಟಮಾಲ್. ವಾಂತಿ, ತೊದಲು, ಓಲಾಟ ಬಂದರೆ ಕುಡಿದದ್ದಲ್ಲ, ಆಸ್ಪತ್ರೆಗೆ.’ ಇಷ್ಟೇ. ಬಣ್ಣದ ಪೆಟ್ಟಿಗೆಯ ಮುಚ್ಚಳದ ಒಳಗೆ ಹೆಂಡತಿಯ ಮತ್ತು ವೈದ್ಯರ ನಂಬರ್ ಅಂಟಿಸಿದರು. ಆಮೇಲೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕೂಡ ಸೇರಿತು.

ವೈದ್ಯರು ಈ ಸಲ ಕೈಯ ಕೆಲಸದ ಬಗ್ಗೆ ಕೇಳಿದರು. ಅಣ್ಣ ಕಡ್ಡಿಯನ್ನೇ ತಂದು ತೋರಿಸಿದರು. ನಡುಕಕ್ಕೆ ಕೊಡುವ ಪ್ರೊಪ್ರನೊಲಾಲ್ ಇವರಿಗೆ ಆಗುವುದಿಲ್ಲ, ಚಿಕ್ಕಂದಿನಿಂದ ದಮ್ಮಿನ ತೊಂದರೆ. ಹಾಗಾಗಿ ಲಿಥಿಯಂ ಮಟ್ಟವನ್ನು 0.6ರ ಹತ್ತಿರ ಇಟ್ಟು ನೋಡುವುದು ಎಂದಾಯಿತು. ಚಾ ನಡುಕ ಜಾಸ್ತಿ ಮಾಡುತ್ತದೆ, ಆದರೆ ಒಮ್ಮೆಲೇ ಬಿಟ್ಟರೆ ಲಿಥಿಯಂ ಮಟ್ಟ ಏರುತ್ತದೆ, ನಿಧಾನ ಕಡಿಮೆ ಮಾಡಿ ಎಂದರು. ಉಳಿದ ನಡುಕಕ್ಕೆ ಅಣ್ಣ ತಾನೇ ಉಪಾಯ ಕಂಡುಕೊಂಡರು. ಕಡ್ಡಿಯನ್ನು ಅರ್ಧಕ್ಕೆ ಮುರಿದು, ಮೊಣಕೈಯನ್ನು ಪೆಟ್ಟಿಗೆಗೆ ಊರಿ ಬರೆಯುತ್ತಾರೆ. ಎಡಗೆನ್ನೆಯ ಹೊರಸಾಲು ಆ ಹುಡುಗನಿಗೆ ಬಿಟ್ಟಿದ್ದಾರೆ. ಅವನಿಗೂ ಕಲಿತ ಹಾಗಾಯಿತು.

ಹೊತ್ತಿನ ವಿಷಯದಲ್ಲಿ ಕಾಲ ನಮ್ಮ ಕಡೆಗಿತ್ತು. ರಾತ್ರಿ ಹತ್ತರ ನಂತರದ ಧ್ವನಿವರ್ಧಕದ ನಿಯಮ, ನೋಡುವವರ ಅಭ್ಯಾಸ ಎಲ್ಲ ಸೇರಿ ಕಾಲಮಿತಿ ಆಟಗಳು ಜಾಸ್ತಿಯಾಗಿವೆ. ಹಳೇ ಅಭಿಮಾನಿಗಳು ಇದಕ್ಕೆ ಮರುಗುತ್ತಾರೆ, ನನಗೂ ರಾತ್ರಿಯಿಡೀ ಆಟವೇ ಇಷ್ಟ. ಆದರೆ ನಡುರಾತ್ರಿಗೆ ಮುಗಿದು ಎರಡು ಗಂಟೆಗೆ ಮಲಗಿದರೆ ಅಣ್ಣ ಮರುದಿನ ಅಣ್ಣನಾಗೇ ಇರುತ್ತಾರೆ. ಅವರು ಕಾಲಮಿತಿ ಮೇಳಕ್ಕೆ ಬದಲಾದರು.

ಈಗ

ಗುಟ್ಟು ಪೂರ್ತಿ ಉಳಿಯಲಿಲ್ಲ. ಎಲ್ಲಿಂದಲೋ ಸೋರಿತು. ಒಂದು ಕಡೆ ಆಟ ಆಡಿಸುವವರು ‘ಮಹಿಷಾಸುರಕ್ಕೆ ಬೇರೆಯವರನ್ನು ಹಾಕಿ’ ಎಂದರು. ಮೆನೇಜರು ಹಾಕಿದರು. ಅಣ್ಣ ಆ ರಾತ್ರಿ ಸಣ್ಣ ವೇಷ ಮಾಡಿ ಮನೆಗೆ ಬಂದರು, ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಇನ್ನೊಂದು ಕಡೆ ಕೇಳಿ ಕರೆಸಿಕೊಂಡರು. ಎರಡೂ ಆಗಿದೆ.

ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಅಣ್ಣನ ಮುಖಗಳನ್ನು ಪ್ರದರ್ಶಿಸುವ ಎಂದು ಒಬ್ಬರು ಕೇಳಿದ್ದರು. ‘ಮಾನಸಿಕ ರೋಗಿಗಳ ಕಲೆ’ ಎಂದು ಬೋರ್ಡು. ಅಣ್ಣ ಒಪ್ಪಲಿಲ್ಲ. ‘ಬಿ.ಪಿ. ಇರುವವರ ಹಾಡುಗಾರಿಕೆ ಅಂತ ಬೋರ್ಡು ಹಾಕ್ತಾರಾ?’ ಎಂದರು. ಮುಂದೆ ಒಂದು ಶಾಲೆಯಲ್ಲಿ ತೆಂಕುತಿಟ್ಟಿನ ಮುಖವರ್ಣಿಕೆ ಎಂದಷ್ಟೇ ಹೆಸರಿಟ್ಟು ಹಾಳೆಗಳನ್ನು ತೂಗುಹಾಕಿದರು. ಆ ಧೈರ್ಯದ ಗೆರೆಗಳ ಹಾಳೆಗಳೂ ಅದರಲ್ಲಿದ್ದವು. ತಾರೀಕಿನ ಜಾಗವನ್ನು ಮಡಚಿ ಅಂಟಿಸಿದ್ದರು, ಅದು ಹೆಂಡತಿಯ ಉಪಾಯ.

ಆಸ್ಪತ್ರೆ ಸೇರುವಂಥದ್ದು 2022ರ ನಂತರ ಆಗಿಲ್ಲ. ಮಳೆಗಾಲದ ಕುಸಿತ ಮಾತ್ರ ಹೋಗಿಲ್ಲ, ಸ್ವಲ್ಪ ತೆಳುವಾಗಿದೆ. ಆಗ ಒಂದಷ್ಟು ಮಕ್ಕಳಿಗೆ ಮುಖ ಬರೆಯಲು ಹೇಳಿಕೊಡುತ್ತಾರೆ. ಅದರಿಂದ ಬರುವ ದುಡ್ಡು ಹೇಳಿಕೊಳ್ಳುವಷ್ಟಿಲ್ಲ. ಗಡಿಯ ಈಚೆಗೂ ಒಬ್ಬ ವೈದ್ಯರಲ್ಲಿ ಅವರ ದಾಖಲೆ ಇದೆ. ಅದನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆಸಿಟ್ಟಿದ್ದೇವೆ. ಮನೆಯಲ್ಲಿ ಯಾವಾಗಲೂ ಒಂದು ತಿಂಗಳ ಮಾತ್ರೆ ಹೆಚ್ಚಿಗೆ ಇರುತ್ತದೆ. ಚೀಟಿಯಲ್ಲಿ ವೃತ್ತಿಯ ಜಾಗ ತಿದ್ದಿಸಿದ್ದೇವೆ.

ಸದ್ಯಕ್ಕೆ ಬಗೆಹರಿಯದ್ದು ಒಂದು ವಿಷಯ. ವರ್ಷಕ್ಕೊಮ್ಮೆಯಾದರೂ ರಾತ್ರಿಯಿಡೀ ಆಟದಲ್ಲಿ ಮಹಿಷಾಸುರ ಮಾಡಬೇಕು ಎಂಬುದು ಅಣ್ಣನ ಹಟ. ವೈದ್ಯರು ಬೇಡ ಎನ್ನುತ್ತಾರೆ. ಹಿಂದಿನ ದಿನ, ಮರುದಿನ ಎರಡು ದಿನವೂ ಪೂರ್ತಿ ಮಲಗುವುದಾದರೆ ನೋಡುವ ಎನ್ನುತ್ತಾರೆ ಹೆಂಡತಿ. ‘ಮಲಗುವುದು ನಾನು, ಚೀಟಿ ಮಾಡುವುದು ಇವರು’ ಎಂದು ಅಣ್ಣ ನಗುತ್ತಾರೆ. ಮುಂದಿನ ತಿರುಗಾಟದ ಮಾತುಕತೆಗೆ ಮೆನೇಜರು ಬರುವವರಿದ್ದಾರೆ. ಆ ಒಂದು ರಾತ್ರಿಯ ವಿಷಯ ಅವರೆದುರು ಎತ್ತುವುದು ಯಾರು ಎಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.